ಟ್ಯಾಂಕಿನ ಕೆಳಗಿನ ಏಳು ಟ್ಯೂನು

ನಮ್ಮೂರಿನ ಪುರಸಭೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಕಿವಿಯಾಳು. ಕಸ ಗುಡಿಸುವವರು ಬೆಳಿಗ್ಗೆ ಆರಕ್ಕೆ ಹೊರಟರೆ ನಾವು ಎಂಟಕ್ಕೆ ಹೊರಡುತ್ತೇವೆ. ಜನ ಎದ್ದು ಒಂದಿಷ್ಟು ಮಾತಾಡಿಕೊಳ್ಳಲು ಹೊತ್ತು ಬೇಕಲ್ಲ. ಯಾರೂ ಪೂರ್ತಿ ಕೇಳಿಸಿಕೊಳ್ಳದ ಮಾತು ನಮ್ಮೂರಲ್ಲಿ ಆಡಿದ ಜಾಗದಲ್ಲೇ ಉಳಿದುಬಿಡುತ್ತದೆ. ಹತ್ತಿರ ಹೋಗಿ ನಿಂತರೆ ಮೊದಲಿಂದ ಶುರುವಾಗುತ್ತದೆ, ಬಿಟ್ಟು ಹೋದರೆ ಸುಮ್ಮನಾಗುತ್ತದೆ. ಯಾರಾದರೊಬ್ಬರು ಕೂತು ಕೊನೆಯ ಅಕ್ಷರದವರೆಗೆ ಮನಸ್ಸಿಟ್ಟು ಕೇಳಿದರೆ ಮಾತ್ರ ಅದು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಆ ಯಾರಾದರೊಬ್ಬರು ಎಂದರೆ ಪುರಸಭೆಯ ಪಟ್ಟಿಯಲ್ಲಿ ನಾನು, ನನ್ನ ಜೊತೆಗೆ ಇನ್ನೂ ಮೂವರು.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಬಸ್ ನಿಲ್ದಾಣದ ಎದುರಿನ ಮೈದಾನದಲ್ಲಿ ಮೂರು ಚುನಾವಣೆಗಳ ಭಾಷಣ ಒಂದರ ಮೇಲೊಂದು ಪೇರಿಕೊಂಡು ನಿಂತಿವೆ. ಅಲ್ಲಿ ಆಡುವ ಮಕ್ಕಳು ಕೈಸನ್ನೆಯಲ್ಲೇ ಜಗಳವಾಡುವುದನ್ನು ಕಲಿತಿದ್ದಾರೆ. ಹೆಣ್ಣು ನೋಡಲು ಬರುವವರಿದ್ದರೆ ಹಿಂದಿನ ದಿನವೇ ನನಗೆ ಹೇಳಿಕಳಿಸುತ್ತಾರೆ. "ಗಂಗಕ್ಕ, ಅಡಿಗೆಮನೇಲಿ ನಮ್ಮತ್ತೇದು ಸ್ವಲ್ಪ ಐತೆ, ಒಂಚೂರು ಕೇಳ್ಬಿಟ್ಟು ಹೋಗಿ" ಅನ್ನುತ್ತಾರೆ. ಸ್ವಲ್ಪ ಎಂದರೆ ಬೆಳಿಗ್ಗೆ ಕೂತವಳು ಮಧ್ಯಾಹ್ನ ಏಳುವಷ್ಟು. ಒಂದು ಸರ್ಕಾರಿ ಕಚೇರಿಯ ಜಗುಲಿಯಲ್ಲಿ ಒಬ್ಬ ಮುದುಕಿಯ ಪಿಂಚಣಿಯ ಅಹವಾಲು ಒಂಬತ್ತು ವರ್ಷದಿಂದ ಕಂಬಕ್ಕೆ ಒರಗಿಕೊಂಡಿತ್ತು. ಅಲ್ಲಿಯ ಗುಮಾಸ್ತರು ಆ ಕಂಬವನ್ನು ಸುತ್ತಿಕೊಂಡು ಓಡಾಡುತ್ತಿದ್ದರು. ನಾನು ಹೋಗಿ ಕೇಳಿ ಮುಗಿಸಿದೆ. ಅದೇ ಸಂಜೆ, ಅಹವಾಲು ವಿಲೇವಾರಿಯಾಗಿದೆ ಎಂದು ಬರೆದು ಕಡತ ಮುಚ್ಚಿದರು. ಮುದುಕಿಗೆ ಪಿಂಚಣಿ ಬರಲಿಲ್ಲ. ಕಂಬ ಮಾತ್ರ ಖಾಲಿಯಾಯಿತು.

ಕೆಲಸ ಕೂತು ಮಾಡುವಂಥದ್ದಾದರೂ ಸುಲಭವಲ್ಲ. ತೂಕಡಿಸಿದರೆ ಲೆಕ್ಕಕ್ಕಿಲ್ಲ. ಬೇಳೆ ಬೆಂದಿತೋ ಇಲ್ಲವೋ ಎಂದು ಮನಸ್ಸು ಒಂದು ಸಲ ಮನೆಗೆ ಹೋಗಿ ಬಂದರೂ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ ಕೇಳಬೇಕು. ಆಡಿದವರ ಕಿವಿಯಂತೂ ಲೆಕ್ಕಕ್ಕೇ ಇಲ್ಲ. ನನ್ನದು ಓದಿ ಬಂದ ವಿದ್ಯೆಯಲ್ಲ, ಕೂತು ಕೂತು ಬಂದದ್ದು. ಪುರಸಭೆ ಅಧ್ಯಕ್ಷರ ಮೂರು ಗಂಟೆಯ ಬಜೆಟ್ ಭಾಷಣವನ್ನು ಒಂದೇ ಏಟಿಗೆ ಕೇಳಿ ಮುಗಿಸಿದವಳು ನಾನು. ಅದಕ್ಕೇ ನೀರಿನ ಟ್ಯಾಂಕಿನ ಕೆಳಗಿನ ದೂರು ಬಂದಾಗ ನಮ್ಮ ಮೇಸ್ತ್ರಿ ಓಬಳಯ್ಯ ನನ್ನನ್ನೇ ಕರೆದ.

ದೂರು ಕೊಟ್ಟವನು ನೀರುಗಂಟಿ. ಬೀದಿಗೆ ನೀರು ಬಿಡಲು ವಾಲ್ವಿನ ಹತ್ತಿರ ಹೋದಾಗಲೆಲ್ಲ ಯಾರೋ ಕಿವಿಯ ಹಿಂದೆ ಪೀಪಿ ಊದುತ್ತಾರಂತೆ. "ಅದು ಆ ಬ್ಯಾಂಡ್‌ಸೆಟ್ ಅಂತೋಣಪ್ಪಂದು" ಎಂದ ಓಬಳಯ್ಯ. "ಏನೋ ಆಲ್ಬಮ್ಮು ಅಂತೆ. ಹೋದ ಭಾನುವಾರ ಒಬ್ಬನೇ ನಿಂತ್ಕಂಡು ಊದವ್ನೆ. ಹೋಗಿ ತೆಗ್ದು ಬಾ. ಬರೀ ಐವತ್ತೆರಡು ನಿಮಿಷ, ನಿಂಗದು ಎಲೆಅಡಿಕೆ ಹಾಕ್ಕಂಡಂಗೆ."

ಅಂತೋಣಪ್ಪನನ್ನು ಊರಿಗೆಲ್ಲ ಗೊತ್ತು. ಇಪ್ಪತ್ತಾರು ವರ್ಷ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವನು. ಆಮೇಲೆ ಅದನ್ನು ಬಿಟ್ಟು, ಯಾರ ಕೈಕೆಳಗೂ ಅಲ್ಲ, ಇನ್ನು ನಾನು ಸ್ವಂತ ಎಂದು ಹೇಳಿಕೊಂಡು ಓಡಾಡುತ್ತಿದ್ದ. ಆ ಭಾನುವಾರಕ್ಕೆ ಹಳದಿ ಕಾಗದದಲ್ಲಿ ಕರಪತ್ರವನ್ನೂ ಹಂಚಿದ್ದ: 'ಅಂತೋಣಪ್ಪನ ಸ್ವಂತ ಟ್ರಂಪೆಟ್ ಆಲ್ಬಮ್. ಏಳು ಟ್ಯೂನು, ಐವತ್ತೆರಡು ನಿಮಿಷ. ಹಾಡುವವರು ಯಾರೂ ಇಲ್ಲ. ಎಲ್ಲರೂ ಬನ್ನಿ.' ಹಾಡುವವರಿಲ್ಲ ಎಂದ ಮೇಲೆ ಅಲ್ಲೇನಿದೆ ಎಂದು ಯಾರೂ ಹೋಗಲಿಲ್ಲ. ಒಂದು ಮೇಕೆ ಬಂದು ಮೂರನೆಯ ಟ್ಯೂನಿನವರೆಗೆ ಇತ್ತಂತೆ.

ನಾನು ಚಾಪೆ, ನೀರಿನ ಬಾಟಲಿ ಹಿಡಿದು ಹೋಗಿ ಟ್ಯಾಂಕಿನ ಕೆಳಗೆ ಕೂತೆ. ಮೊದಲ ಟ್ಯೂನು ಇಳಿಜಾರಿನಲ್ಲಿ ಪೆಡಲು ತುಳಿಯದೆ ಬಿಟ್ಟ ಸೈಕಲ್ಲಿನ ಹಾಗೆ ಹೊರಟಿತು. ಎರಡನೆಯದಕ್ಕೆ ಟ್ರಂಪೆಟ್ಟಿನ ಬಾಯಿಗೆ ಚೊಂಬು ಅಡ್ಡ ಹಿಡಿದಿದ್ದನೆಂದು ಕಾಣುತ್ತದೆ, ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ದನಿ ತಗ್ಗಿಸಿಕೊಂಡು ಮೂರನೆಯವಳನ್ನು ಆಡಿಕೊಂಡ ಹಾಗಿತ್ತು. ನಾಲ್ಕನೆಯದರಲ್ಲಿ ನನಗೆ ಸುಮ್ಮನೆ ನಗು ಬಂತು. ಐದನೆಯದರಲ್ಲಿ ಯಾಕೆಂದು ತಿಳಿಯದೆ ಸೆರಗಿಗೆ ಕಣ್ಣೊರೆಸಿಕೊಂಡೆ. ಆರನೆಯದರ ಹೊತ್ತಿಗೆ ಒಂದು ವಿಷಯ ಹೊಳೆಯಿತು. ಇಪ್ಪತ್ತೆರಡು ವರ್ಷ ನಾನು ಕೇಳಿದ ಪ್ರತಿಯೊಂದು ಮಾತಿಗೂ ಕೇಳುವವರಿಂದ ಏನಾದರೂ ಬೇಕಾಗಿತ್ತು. ವೋಟು, ಪಿಂಚಣಿ, ಕ್ಷಮೆ, ಇಲ್ಲವೆ ಹೌದತ್ತೆ ಎನ್ನುವ ಒಂದು ಮಾತು. ಈ ಶಬ್ದಕ್ಕೆ ನನ್ನಿಂದ ಏನೂ ಬೇಕಾಗಿರಲಿಲ್ಲ. ಅದು ಬರುತ್ತಿತ್ತು, ನಾನು ಕೂತಿದ್ದೆ, ಅಷ್ಟೆ.

ಏಳನೆಯದು ಶುರುವಾಗಿ ಒಂದು ಸಲ ಮೇಲಕ್ಕೆ ಏರಿ ಇಳಿಯಿತು, ಎರಡನೆಯ ಸಲವೂ ಏರಿ ಇಳಿಯಿತು. ಮೂರನೆಯ ಸಲ ಏರತೊಡಗಿತು. ಇನ್ನೇನು ಮುಗಿಯುತ್ತದೆ. ಮುಗಿದರೆ ಹೋಗುತ್ತದೆ. ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಚಾಪೆಯನ್ನು ಅಲ್ಲೇ ಬಿಟ್ಟು ಓಡಿದೆ.

"ಯಾಕವ್ವ, ಆಗ್ಲಿಲ್ವಾ?" ಎಂದ ಓಬಳಯ್ಯ.

"ಗಟ್ಟಿ ಐತೆ ಮೇಸ್ತ್ರಿ. ನಾಳೆ ಇನ್ನೊಂದ್ಸಲ ನೋಡ್ತೀನಿ."

ಹೀಗೆ ಹನ್ನೊಂದು ದಿನ ಗಟ್ಟಿಯಿತ್ತು. ಹನ್ನೆರಡನೆಯ ದಿನ ಓಬಳಯ್ಯನಿಗೆ ಅನುಮಾನ ಬಂದು, ತಾನೇ ನೋಡುತ್ತೇನೆಂದು ನನ್ನ ಜೊತೆ ಬಂದು ಕೂತ. ನಾಲ್ಕನೆಯ ಟ್ಯೂನಿಗೆ ತೊಡೆ ತಟ್ಟಿದ. ಏಳನೆಯದು ಮೂರನೆಯ ಸಲ ಏರಿದ್ದೇ ತಡ, ನನಗಿಂತ ಮೊದಲು ಕಿವಿ ಮುಚ್ಚಿಕೊಂಡು ಓಡಿದ. ರಸ್ತೆಗೆ ಬಂದ ಮೇಲೆ ಏದುಸಿರು ಬಿಡುತ್ತ, "ಗಂಗಕ್ಕ, ಇದು ಭಾಳಾ ಗಟ್ಟಿ ಐತೆ" ಎಂದ. ಅಷ್ಟೇ ಆಗಿದ್ದರೆ ವಿಷಯ ನಮ್ಮಿಬ್ಬರಲ್ಲೇ ಇರುತ್ತಿತ್ತು. ಆದರೆ ಅವನು ಮನೆಯಲ್ಲಿ ಹೆಂಡತಿಗೆ ಹೇಳಿದ. ನಾನಂತೂ ಹಗಲೆಲ್ಲ ಬಾಯಿ ಮುಚ್ಚಿ ಕೂರುವ ಕೆಲಸದವಳು, ಸಂಜೆ ಸಿಕ್ಕಿದವರಿಗೆಲ್ಲ ಹೇಳಿದೆ.

ತಿಂಗಳೊಳಗೆ ಇಡೀ ಊರು ಟ್ಯಾಂಕಿನ ಕೆಳಗಿತ್ತು. ದಿನಾ ನಾಲ್ಕು ಗಂಟೆಗೆ ಒಂದು ಕಾರ್ಯಕ್ರಮ, ಭಾನುವಾರ ಎರಡು. ಕಡಲೆಕಾಯಿ ಮಾರುವವರು ಬಂದರು. ಯಾರಾದರೂ ಮೈಮರೆತು ಪೂರ್ತಿ ಕೇಳಿಬಿಟ್ಟರೆ ಗತಿಯೇನು ಎಂಬ ದಿಗಿಲೂ ಬಂತು. ಆಗ ಹುಟ್ಟಿದ್ದೇ ಟ್ರಂಪೆಟ್ ಸಂರಕ್ಷಣಾ ಸಮಿತಿ. ಅದಕ್ಕೆ ಅಧ್ಯಕ್ಷರು ಪುರಸಭೆ ಸದಸ್ಯರೂ ಆದ ಜವಳಿ ಅಂಗಡಿ ಪರಮಶಿವಯ್ಯನವರು. ಸಮಿತಿ ಟ್ಯಾಂಕಿನ ಸುತ್ತ ಹಗ್ಗ ಕಟ್ಟಿಸಿತು, ಓಬಳಯ್ಯನ ಕೈಗೆ ಒಂದು ಗಂಟೆ ಕೊಟ್ಟಿತು, ಒಂದು ಬೋರ್ಡನ್ನೂ ನೆಟ್ಟಿತು: 'ಇಲ್ಲಿ ಪೂರ್ತಿ ಕೇಳುವುದು ಶಿಕ್ಷಾರ್ಹ ಅಪರಾಧ.'

ಏಳನೆಯ ಟ್ಯೂನು ಮೂರನೆಯ ಸಲ ಏರಿತೆಂದರೆ ಓಬಳಯ್ಯ ಗಂಟೆ ಬಾರಿಸುತ್ತಿದ್ದ. ಮುನ್ನೂರು ಜನ ಕಿವಿ ಮುಚ್ಚಿಕೊಂಡು ಏಳುತ್ತಿದ್ದರು. ಎರಡೂ ಕೈ ಕಿವಿಯ ಮೇಲಿದ್ದರೆ ಚಪ್ಪಲಿ ಹುಡುಕುವುದು ಹೇಗೆ? ಹಾಗಾಗಿ ನಮ್ಮೂರಲ್ಲಿ ಆ ವರ್ಷ ಯಾರ ಎರಡು ಕಾಲಿನಲ್ಲೂ ಒಂದೇ ಜೊತೆ ಚಪ್ಪಲಿ ಇರಲಿಲ್ಲ. ಮಕ್ಕಳನ್ನು ಎತ್ತಿಕೊಂಡ ತಾಯಂದಿರಿಗಾಗಿ ಸಮಿತಿಯವರು ಕಿವಿ ಮುಚ್ಚುವ ಸ್ವಯಂಸೇವಕರನ್ನು ನೇಮಿಸಿದರು.

ಇನ್ನು ರಸಿಕರ ಕಥೆ. ಯಾರೂ ಕೊನೆ ಕೇಳಿರಲಿಲ್ಲವಾದ್ದರಿಂದ ಎಲ್ಲರೂ ಕೊನೆಯ ಬಗ್ಗೆಯೇ ಮಾತಾಡುತ್ತಿದ್ದರು. ಪರಮಶಿವಯ್ಯನವರು 'ಅಂತ್ಯದ ಗಾಂಭೀರ್ಯ' ಎಂಬ ವಿಷಯದ ಮೇಲೆ ಮೂರು ದಿನದ ಉಪನ್ಯಾಸ ಮಾಲೆ ಕೊಟ್ಟರು. ಕೊನೆ ದುಃಖದ್ದು ಎಂದು ಒಂದು ಪಕ್ಷ, ಇಲ್ಲ, ಸುಖದ್ದು ಎಂದು ಇನ್ನೊಂದು. ಹೋಟೆಲಿನಲ್ಲಿ ದುಃಖದವರು ಒಂದು ಬೆಂಚು, ಸುಖದವರು ಇನ್ನೊಂದು ಬೆಂಚು. ಆ ಉಪನ್ಯಾಸಗಳನ್ನು ಯಾರೂ ಪೂರ್ತಿ ಕೇಳದ ಕಾರಣ ಅವೂ ಸಭಾಭವನದಲ್ಲಿ ಉಳಿದವು. ತೆಗೆಯಲು ನನ್ನನ್ನೇ ಕಳಿಸಿದರು. ಮೂರನೆಯ ದಿನದ್ದಕ್ಕೆ ನಾಲ್ಕು ಸಲ ಕೂರಬೇಕಾಯಿತು, ಅಷ್ಟು ನಿದ್ದೆ.

ವರ್ಷ ತುಂಬುವಾಗ ಅಂತೋಣಪ್ಪನಿಗೆ ಸನ್ಮಾನ ಮಾಡಿದರು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಕೊನೆಯಲ್ಲಿ ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅವನ ಮುಂದಿನ ಹಲ್ಲುಗಳು ಆ ಹೊತ್ತಿಗೆ ಹೋಗಿದ್ದವು. ಅವನು "ನಂಗೆ ಶಾಲು" ಎನ್ನುವಷ್ಟರಲ್ಲಿ ಜನ ಚಪ್ಪಾಳೆ ತಟ್ಟಿದರು. ಅವನು ಮಾತಾಡುತ್ತಲೇ ಇದ್ದ, ಅವರು ತಟ್ಟುತ್ತಲೇ ಇದ್ದರು. ಪಕ್ಕದಲ್ಲಿ ಉಪ್ಪಿಟ್ಟು ಬಂತು, ಎದ್ದು ಹೋದರು. ನಾನೂ ಹೋದೆ, ಯಾಕೆ ಸುಳ್ಳು ಹೇಳಲಿ.

ಮಾರನೆಯ ದಿನ ವೇದಿಕೆ ಶುಚಿ ಮಾಡಲು ನನ್ನ ಪಾಳಿ. ಅಧ್ಯಕ್ಷರದ್ದು, ಕಾರ್ಯದರ್ಶಿಯದ್ದು, ವಂದನಾರ್ಪಣೆ ಎಲ್ಲವನ್ನೂ ಕೇಳಿ ತೆಗೆದು, ಮೈಕಿದ್ದ ಜಾಗಕ್ಕೆ ಬಂದು ನಿಂತೆ. ಅಂತೋಣಪ್ಪನ ಮಾತು ಶುರುವಾಯಿತು. "ನಂಗೆ ಶಾಲು ಬ್ಯಾಡಿ. ತಪ್ಪು ತಿಳೀಬ್ಯಾಡಿ, ಶಾಲು ಚೆನ್ನಾಗೈತೆ. ಆದ್ರೆ ನಿಮ್ಮಲ್ಲಿ ಯಾರಾನ ಒಬ್ರು ಅದನ್ನ ಕೊನೇವರ್ಗೂ ಕೇಳಿ. ಮದುವೆ ಮನೇಲಿ ಇಪ್ಪತ್ತಾರು ವರ್ಷ ಊದಿದೀನಿ, ಒಂದು ಟ್ಯೂನೂ ಮುಗಿಸಕ್ಕೆ ಬಿಡ್ಲಿಲ್ಲ. ಹೆಣ್ಣು ಬಂತು ಅಂದ್ರೆ ನಿಲ್ಸು, ಗಂಡಿನ ಮಾವ ಸಿಟ್ಟಾದ ಅಂದ್ರೆ ನಿಲ್ಸು, ಊಟಕ್ಕೆ ಎಲೆ ಹಾಕಿದ್ರು ಅಂದ್ರೆ ನಿಲ್ಸು. ಅದಕ್ಕೇ ಇದನ್ನ ಮಾಡಿದ್ದು. ಕೊನೇದೊಂದಕ್ಕೇ ನಾಕು ವರ್ಷ ಹಿಡೀತು. ಹಲ್ಲು ಕೀಳ್ತೀವಿ ಅಂತ ಡಾಕ್ಟ್ರು ಹೇಳಿದ್ ವಾರವೇ ಊದ್ಬಿಟ್ಟೆ. ಇನ್ನು ಊದಕಾಗಲ್ಲ. ಅದು ಹೋದ್ರೆ ಹೋಗ್ಲಿ. ಯಾರೂ ಕೇಳದೇ ಇದ್ರೆ ನಾನು ಮುಗಿಸ್ದಂಗೇ ಆಗಲ್ಲ ಕಣ್ರಪ್ಪ." ಇಷ್ಟು ಹೇಳಿ ಆ ಮಾತು ನನ್ನ ಎದುರಿಗೇ ಹೋಯಿತು. ವೇದಿಕೆ ಶುಚಿಯಾಯಿತು. ಕೇಳುವುದೇ ಕೆಲಸವಾದವಳು, ಕೊನೆಗೆ ಮೊದಲು ಎದ್ದು ಓಡುವ ಪದ್ಧತಿಯನ್ನು ಊರಿಗೆ ಕಲಿಸಿಕೊಟ್ಟವಳೂ ನಾನೇ.

ಅಲ್ಲಿಂದ ನೆಟ್ಟಗೆ ಅವನ ಮನೆಗೆ ಹೋದೆ. ಅಂತೋಣಪ್ಪ ಬಾಗಿಲಲ್ಲಿ ಕೂತು ಟ್ರಂಪೆಟ್ಟಿಗೆ ಎಣ್ಣೆ ಬಟ್ಟೆ ಹಾಕಿ ಉಜ್ಜುತ್ತಿದ್ದ. ಸನ್ಮಾನದ ಶಾಲನ್ನು ಕಿಟಕಿಗೆ ಪರದೆ ಮಾಡಿದ್ದ.

"ಬನ್ನಿ ಅಕ್ಕ. ಹಣ್ಣು ತಿಂತೀರಾ? ಒಂದು ಬುಟ್ಟಿ ಐತೆ, ನಂಗೆ ಕಚ್ಚಕಾಗಲ್ಲ."

"ನಿನ್ನೆ ನೀವು ಹೇಳಿದ್ದು ಕೇಳಿದೆ" ಎಂದೆ.

"ನಿನ್ನೆ ಯಾರೂ ಕೇಳ್ಲಿಲ್ಲ."

"ಇವತ್ತು ಕೇಳಿದೆ. ಅಂತೋಣಪ್ಪನೋರೆ, ನಾನು ಕೊನೆ ಕೇಳ್ಬಿಟ್ರೆ ಅದು ಹೋಗ್ತದೆ. ಮೊದಲ್ನೇದೂ ಹೋಗ್ತದೆ, ಆ ಐದನೇದೂ ಹೋಗ್ತದೆ. ನೀವು ಇನ್ನೊಂದ್ಸಲ ಊದಕ್ಕಾಗಲ್ಲ. ಊರಲ್ಲಿ ಜನ ನಗ್ತಾರೆ, ಅಳ್ತಾರೆ ಅದನ್ನ ಕೇಳಿ. ಅದೊಂದೇ ಇರೋದು ನಮಗೆ."

ಅವನು ಬಟ್ಟೆ ಕೆಳಗಿಟ್ಟ. "ಅಕ್ಕ, ನೀವು ನಿಮ್ಮನೇಲಿ ಅಡಿಗೆ ಮಾಡಿ ಬಡಿಸ್ತೀರಿ. ಬಂದೋರು ಭಾಳಾ ಚೆನ್ನಾಗೈತೆ ಅಂತ ಹೊಗಳ್ತಾರೆ. ಅನ್ನ ಸಾರು ಉಣ್ತಾರೆ. ಪಾಯಸ ತರೋ ಹೊತ್ಗೆ ಕೈ ತೊಳ್ಕಂಡು ಎದ್ದೋಗ್ತಾರೆ. ಯಾಕಪ್ಪ ಅಂದ್ರೆ, ಪಾಯಸ ಖಾಲಿ ಆಗ್ಬಾರ್ದಲ್ಲ ಅಂತಾರೆ. ವರ್ಷವೆಲ್ಲಾ ಅದೇ ಪಾಯಸ, ಅದೇ ಪಾತ್ರೆ. ನೀವು ಏನಂತೀರಿ?"

ನಾನು ಬುಟ್ಟಿಯಿಂದ ಒಂದು ಹಣ್ಣು ತೆಗೆದು ಪೂರ್ತಿ ತಿಂದೆ. ಆಮೇಲೆ, "ಮಂಗಳವಾರ ಹನ್ನೊಂದು ಗಂಟೆಗೆ ಬನ್ನಿ" ಎಂದೆ.

ಮಂಗಳವಾರ ಹನ್ನೊಂದಕ್ಕೆ ಸಮಿತಿಯ ಮೀಟಿಂಗು ಇರುತ್ತದೆ, ಟ್ಯಾಂಕಿನ ಹತ್ತಿರ ಓಬಳಯ್ಯನ ಹೊರತು ಯಾರೂ ಇರುವುದಿಲ್ಲ. ನಾನು ಚಾಪೆ ಹಾಸಿ ಕೂತೆ. ಎದುರಿಗೆ ವಾಲ್ವಿನ ಕಟ್ಟೆಯ ಮೇಲೆ ಅಂತೋಣಪ್ಪ ಕೂತ. ಟ್ಯೂನು ಕೇಳುತ್ತಿರಲಿಲ್ಲ ಅವನು, ನನ್ನ ಮುಖವನ್ನೇ ನೋಡುತ್ತಿದ್ದ. ಮೊದಲ ಸಲದ ಹಾಗೆಯೇ ಸೈಕಲ್ಲು ಇಳಿಜಾರಿಗೆ ಹೊರಟಿತು. ನಲ್ಲಿಯ ಹೆಂಗಸರು ಮಾತಾಡಿಕೊಂಡರು. ಐದನೆಯದಕ್ಕೆ ಸೆರಗು ಹುಡುಕಿಕೊಂಡೆ. ಪ್ರತಿಯೊಂದೂ ಮುಗಿದಾಗ, ಇನ್ನು ಇದು ನನಗಿಲ್ಲ ಎಂದು ಮನಸ್ಸು ಹಿಂದಕ್ಕೆ ಓಡಲು ನೋಡುತ್ತಿತ್ತು. ಓಡಿದರೆ ಲೆಕ್ಕಕ್ಕಿಲ್ಲ, ಹಿಡಿದು ಕೂರಿಸಿದೆ. ಏಳನೆಯದು ಏರಿತು, ಇಳಿಯಿತು, ಏರಿತು, ಇಳಿಯಿತು. ಮೂರನೆಯ ಸಲ ಏರಿತು. ಓಬಳಯ್ಯ ಗಂಟೆ ಬಾರಿಸಿದ.

"ಗಂಗಕ್ಕ, ಏಳು."

ನಾನು ಏಳಲಿಲ್ಲ. ಗಂಟೆಯ ಕಡೆ ಮನಸ್ಸು ಹೋಗದಂತೆ ಟ್ಯೂನಿನ ಬಾಲ ಹಿಡಿದುಕೊಂಡೆ. ಅವನು ಮತ್ತೂ ಜೋರಾಗಿ ಬಾರಿಸಿ, ಹತ್ತಿರ ಬಂದು ನನ್ನ ಮುಖ ನೋಡಿದ. ಆಮೇಲೆ ಅಂತೋಣಪ್ಪನ ಮುಖ ನೋಡಿದ. ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನಾಗಿಸಿ, ತಾನು ಮಾತ್ರ ಹೆಗಲಿಗೆ ಕಿವಿ ಒತ್ತಿಕೊಂಡು ರಸ್ತೆಯ ಕಡೆ ನಡೆದ. ಸಮಿತಿಗೆ ತಿಳಿಸಲು ಓಡಿದನೆಂದು ಆಮೇಲೆ ಎಲ್ಲರಿಗೂ ಹೇಳಿದ. ಓಡಲಿಲ್ಲ, ನಾನು ನೋಡಿದ್ದೇನೆ, ನಿಧಾನವಾಗಿಯೇ ನಡೆದ.

ಮೂರನೆಯ ಏರು ಅಷ್ಟಕ್ಕೇ ನಿಲ್ಲಲಿಲ್ಲ. ನಾವೆಲ್ಲ ಅದನ್ನೇ ತುದಿ ಎಂದುಕೊಂಡಿದ್ದೆವು. ಅಲ್ಲಿಂದ ಅದು ಹೊರಳಿ, ಹೆಣ್ಣನ್ನು ಹಸೆಮಣೆಗೆ ಕರೆತರುವಾಗ ಊದುವ ಆ ಹಳೆಯ ಟ್ಯೂನಿನೊಳಗೆ ಬಂತು. ಊರಲ್ಲಿ ಎಲ್ಲರೂ ಕೇಳಿರುವುದು ಅದರ ಮೊದಲ ಎರಡು ಸಾಲು ಮಾತ್ರ. ಇಲ್ಲಿ ಅದನ್ನು ಯಾರೂ ನಿಲ್ಲಿಸಲಿಲ್ಲ. ಹೆಣ್ಣು ಬಂದಳು, ಕೂತಳು, ಶಾಸ್ತ್ರ ಮುಗಿಯಿತು, ಜನ ಉಂಡರು, ಪೆಂಡಾಲು ಬಿಚ್ಚಿದರು, ಬಾಡಿಗೆ ಪಾತ್ರೆ ಗಾಡಿಗೆ ಹೇರಿದರು, ಟ್ರಂಪೆಟ್ಟು ಇನ್ನೂ ನಡೆಯುತ್ತಲೇ ಇತ್ತು, ಯಾವ ಅವಸರವೂ ಇಲ್ಲದೆ. ದುಃಖವೂ ಅಲ್ಲ, ಸುಖವೂ ಅಲ್ಲ, ಕೆಲಸ ಮುಗಿಸಿ ಮನೆಗೆ ಹೋಗುವವನ ಹೆಜ್ಜೆ ಅದು. ಕೊನೆಗೆ ಒಂದು ಸಣ್ಣ ಸ್ವರ, ಉಸಿರಿರುವಷ್ಟು ಹೊತ್ತು. ಸ್ವರ ಹೋಗಿ ಉಸಿರು ಉಳಿಯಿತು. ಉಸಿರೂ ನಿಂತಿತು. ಆಮೇಲೆ ಟ್ರಂಪೆಟ್ಟಿನ ಕೊಳವೆಯಿಂದ ಎಂಜಲ ನೀರು ಕೊಡವಿದ ಪುಸ್ ಎಂಬ ಶಬ್ದ. ಅದೇ ಕೊನೆ.

ಅಂತೋಣಪ್ಪ ಎದ್ದು ಹಗ್ಗ ದಾಟಿ ರಸ್ತೆಯವರೆಗೆ ಹೋದ. ಅಲ್ಲಿಂದ ತಿರುಗಿ, ಹೊಸಬನ ಹಾಗೆ ನಡೆದು ಬಂದು ಟ್ಯಾಂಕಿನ ಕೆಳಗೆ ನಿಂತ. ಏನೂ ಶುರುವಾಗಲಿಲ್ಲ. ಇನ್ನೊಂದು ಸಲ ಹೋಗಿ, ಆ ಕಡೆಯಿಂದ ಬಂದು ನಿಂತ. ಏನೂ ಇಲ್ಲ. ಹಲ್ಲಿಲ್ಲದ ಬಾಯಿ ತುಂಬ ನಕ್ಕ. "ಪುಸ್ ಅಂದಿದ್ದೂ ಕೇಳ್ತಾ?" ಎಂದ. ಕೇಳಿತು ಎಂದೆ.

ಎರಡು ದಿನಕ್ಕೆ ಪುರಸಭೆಯಿಂದ ನೋಟಿಸು ಬಂತು. 'ಸದರಿ ಆಲ್ಬಮ್ಮನ್ನು ತಾವು ಪೂರ್ತಿಯಾಗಿ ಕೇಳಲು ಕಾರಣವೇನು? ಮೂರು ದಿನದೊಳಗೆ ಲಿಖಿತ ವಿವರಣೆ ಸಲ್ಲಿಸುವುದು.' ನಾನು ಎರಡು ಕಾರಣ ಬರೆದೆ. ನೀರುಗಂಟಿಯ ದೂರು ಹಿಂದಕ್ಕೆ ಪಡೆದಿಲ್ಲ. ಆಲ್ಬಮ್ಮು ಚೆನ್ನಾಗಿತ್ತು. ಎರಡನೆಯ ಕಾರಣ ನಿಯಮಾವಳಿಯಲ್ಲಿ ಇಲ್ಲವೆಂದು ವಿಚಾರಣೆಗೆ ಕರೆದರು.

ಸಭಾಂಗಣ ತುಂಬಿತ್ತು. ಅಂತೋಣಪ್ಪ ಹಿಂದಿನ ಬೆಂಚಿನಲ್ಲಿದ್ದ. ಸದಸ್ಯರು ಒಬ್ಬೊಬ್ಬರಾಗಿ ಎದ್ದು ನನ್ನ ಮೇಲೆ ಮಾತಾಡಿದರು. ಊರಿನ ಆಸ್ತಿಯನ್ನು ನುಂಗಿದವಳು ಎಂದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಎದ್ದದ್ದರಿಂದ ಅವೆಲ್ಲ ಕುರ್ಚಿ ಕುರ್ಚಿಗೆ ಅಂಟಿಕೊಂಡು ನಿಂತವು. ಪರಮಶಿವಯ್ಯನವರು ಕೊನೆಗೆ ಎದ್ದರು. "ಹದಿನೈದು ದಿನ ಅಮಾನತು ಮಾಡೋಣ. ಅದಿರಲಿ. ಗಂಗಮ್ಮನೋರೆ, ನಾನು ಮೂರು ದಿನ ಉಪನ್ಯಾಸ ಕೊಟ್ಟೋನು, ಅದಕ್ಕೇ ಕೇಳ್ತಿದೀನಿ. ಕೊನೆ ಹೇಗಿತ್ತು?"

ದುಃಖದ ಬೆಂಚಿನವರೂ ಸುಖದ ಬೆಂಚಿನವರೂ ಕತ್ತು ಮುಂದೆ ಚಾಚಿದರು. ನಾನು ಎದ್ದು ನಿಂತು ಹೇಳಿದೆ. ಹೆಣ್ಣು ಬಂದು ಕೂತದ್ದು, ಪೆಂಡಾಲು ಬಿಚ್ಚಿದ್ದು, ಹೆಜ್ಜೆ, ಉಸಿರು, ಪುಸ್ ಎಂದದ್ದು. ಅರ್ಧ ಗಂಟೆ ಹಿಡಿಯಿತು. ನಡುವೆ ಒಬ್ಬರೂ ಕೆಮ್ಮಲಿಲ್ಲ. ಹೇಳಿ ಮುಗಿಸಿ ಕೂತ ಮೇಲೂ ಯಾರೂ ಎದ್ದು ಹೋಗಲಿಲ್ಲ. ಹಿಂದಿನ ಬೆಂಚಿನಲ್ಲಿ ಅಂತೋಣಪ್ಪ ಕಣ್ಣು ಮುಚ್ಚಿಕೊಂಡಿದ್ದ.

ಅಮಾನತು ಕಳೆದು ಕೆಲಸಕ್ಕೆ ಬಂದ ಮೊದಲ ದಿನ ಓಬಳಯ್ಯ ನನ್ನನ್ನು ಸಭಾಂಗಣಕ್ಕೇ ಹಾಕಿದ. ಕುರ್ಚಿಯಿಂದ ಕುರ್ಚಿಗೆ ಹೋಗಿ ಸದಸ್ಯರು ನನ್ನನ್ನು ಬೈದದ್ದನ್ನೆಲ್ಲ ಕೂತು ಕೇಳಿ ತೆಗೆದೆ. ಸಂಜೆಯಾಯಿತು. ಕಡೆಗೆ, ಅವತ್ತು ನಾನು ಎದ್ದು ನಿಂತು ಹೇಳಿದ್ದ ಜಾಗದಲ್ಲಿ ಹೋಗಿ ನಿಂತು, ಶುರುವಾಗಲೆಂದು ಕಾದೆ. ಅಲ್ಲಿ ಏನೂ ಉಳಿದಿರಲಿಲ್ಲ.